ಕಣದ ಪದ, ಬೀಸುಕಲ್ಲಿನ ಪದ, ಒಂದೇ ಮನೆ

ಧಾರವಾಡದ ಬಸವಲಿಂಗಯ್ಯ ಹಿರೇಮಠ ಮತ್ತು ವಿಶ್ವೇಶ್ವರಿ ಹಿರೇಮಠ ಅವರ ಹೆಸರುಗಳನ್ನು ಉತ್ತರ ಕರ್ನಾಟಕದ ಜನ ಜೋಡಿಯಾಗಿಯೇ ಹೇಳುತ್ತಾರೆ. ಬೆಳಗಾವಿ ಜಿಲ್ಲೆಯ ಬೈಲೂರಿನಿಂದ ಬಂದ ಬಸವಲಿಂಗಯ್ಯನವರು ಧಾರವಾಡದಲ್ಲಿ ಜಾನಪದ ಸಂಶೋಧನಾ ಕೇಂದ್ರ ಕಟ್ಟಿದರು. ‘ಶ್ರೀಕೃಷ್ಣ ಪಾರಿಜಾತ’ ಮತ್ತು ‘ಸಂಗ್ಯಾ ಬಾಳ್ಯಾ’ದಂಥ ಬಯಲಾಟಗಳನ್ನು ಪೇಟೆಯ ರಂಗಮಂದಿರಗಳಿಗೂ ತಂದರು. 2022ರಲ್ಲಿ ಅವರು ತೀರಿಕೊಂಡಾಗ ಎಲ್ಲರೂ ನೆನೆದದ್ದು ಪತ್ನಿಯೊಂದಿಗೆ ಹಾಡಿ ಆಡಿದ ಆ ದಶಕಗಳನ್ನು. ಇಂಥ ಜೋಡಿಯನ್ನು ಕಂಡಾಗ ‘ಆದರ್ಶ ದಂಪತಿ’ ಎಂದು ಹಾರ ಹಾಕಿ ಸುಮ್ಮನಾಗುವುದು ನಮ್ಮ ರೂಢಿ. ಆ ಮಾತು ಅವರ ಕಸುಬಿಗೆ ನ್ಯಾಯ ಸಲ್ಲಿಸುವುದಿಲ್ಲ. ಜನಪದ ಸಂಗೀತದಲ್ಲಿ ಗಂಡ ಹೆಂಡತಿಯ ಮೇಳ ಒಂದು ಸಂಸ್ಥೆ. ಬೇರೆ ಯಾವ ಸಂಸ್ಥೆಗೂ ಸುಲಭವಾಗಿ ಆಗದ ಒಂದು ಕೆಲಸವನ್ನು ಅದು ಮಾಡುತ್ತದೆ.

ನಮ್ಮ ಹಾಡುಗಳು ಹುಟ್ಟಿದ್ದೇ ಎರಡು ಪಾಲಾಗಿ. ಕಣದಲ್ಲಿ ರಾತ್ರಿಯೆಲ್ಲ ಎತ್ತುಗಳನ್ನು ಮೇಟಿಯ ಸುತ್ತ ತಿರುಗಿಸುತ್ತ ಹೇಳುವ ಹಂತಿ ಪದ ಗಂಡಸರದು. ನಸುಕಿನಲ್ಲಿ ಬೀಸುಕಲ್ಲಿನ ಗೂಟ ಹಿಡಿದು ಹೇಳುವ ಪದ ಹೆಂಗಸರದು. ಲಾವಣಿ, ಬಯಲಾಟ, ಡೊಳ್ಳಿನ ಹಾಡು ಆ ಕಡೆ. ಸೋಬಾನೆ, ಜೋಗುಳ, ಕುಟ್ಟುವ ಪದ ಈ ಕಡೆ. ಹಂತಿಯ ಹಾಡು ಎತ್ತಿನ ಹೆಜ್ಜೆಗೆ ತಕ್ಕಂತೆ ನಿಧಾನ, ದನಿ ಎತ್ತರ, ಪಕ್ಕದ ಹೊಲಕ್ಕೂ ಕೇಳಬೇಕು. ಬೀಸುವ ಪದ ಕಲ್ಲಿನ ಸುತ್ತಿಗೆ ಕಟ್ಟಿಕೊಂಡದ್ದು, ದನಿ ತಗ್ಗು, ಎದುರು ಕೂತವಳು ಎತ್ತಿಕೊಂಡರೆ ಸಾಕು. ಹಾಡಿನ ಜೊತೆ ಉಸಿರು ಬಿಡುವ ಕ್ರಮವೂ ಬೇರೆ. ಗಂಡಸರ ಭಜನಾ ಮೇಳದಲ್ಲಿ ಎಷ್ಟು ವರ್ಷ ಕೂತರೂ ಸೋಬಾನೆ ಕೈಗೆ ಬರುವುದಿಲ್ಲ. ಹೆಂಗಸರ ಸೋಬಾನೆ ಗುಂಪಿನಲ್ಲಿ ಹಂತಿ ಪದ ಸಿಗುವುದಿಲ್ಲ. ಈ ಎರಡೂ ದಿನಬೆಳಗಾದರೆ ಒಂದರ ಕಿವಿಗೆ ಒಂದು ಬೀಳುವುದು ಮನೆಯೊಳಗೆ ಮಾತ್ರ. ಹೆಣ್ಣು ತವರಿನ ಧಾಟಿ ತರುತ್ತಾಳೆ, ಗಂಡು ಮೇಳದ ಮಟ್ಟು ಹೇಳುತ್ತಾನೆ. ತಾಲೀಮಿಗೆ ಬೇರೆ ಸಮಯವೇ ಬೇಕಾಗಿಲ್ಲ.

ಇದರ ತೂಕ ಗೊತ್ತಾಗಬೇಕಾದರೆ ರಾಯಚೂರು ಸೀಮೆಯನ್ನು ನೋಡಬೇಕು. ಕೃಷ್ಣೆಯ ದಂಡೆಯ ಗೂಗಲ್‌ನಲ್ಲಿ ಅಲ್ಲಮಪ್ರಭುವಿನ ಗುಡಿಯಿದೆ. ಸುತ್ತಲಿನ ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲಿ ತತ್ವಪದದ ಭಜನೆ ಇನ್ನೂ ಉಸಿರಾಡುತ್ತಿದೆ. ಆದರೆ ತುಂಗಭದ್ರಾ ಎಡದಂಡೆ ಕಾಲುವೆ ಮಾನ್ವಿ ಕಡೆಗೆ, ನಾರಾಯಣಪುರದ ಕಾಲುವೆ ದೇವದುರ್ಗದ ಕಡೆಗೆ ನೀರು ತಂದ ಮೇಲೆ ಜೋಳದ ಹೊಲ ಎಷ್ಟೋ ಕಡೆ ಭತ್ತದ ಗದ್ದೆಯಾಯಿತು. ಕೊಯ್ಲು ಯಂತ್ರ ಬಂತು, ಕಣ ಹೋಯಿತು. ಹಿಟ್ಟಿನ ಗಿರಣಿ ಅದಕ್ಕೂ ಮೊದಲೇ ಬೀಸುಕಲ್ಲನ್ನು ಮೂಲೆಗೆ ಸರಿಸಿತ್ತು. ನೀರು ಬಂದದ್ದು ಒಳ್ಳೆಯದೇ; ರೈತನಿಗೆ ಕಣದ ದುಡಿಮೆ, ಹೆಣ್ಣಿಗೆ ಬೀಸುವ ದುಡಿಮೆ ತಪ್ಪಿದ್ದೂ ಒಳ್ಳೆಯದೇ. ಆದರೆ ಕೆಲಸದ ಜೊತೆಗಿದ್ದ ಹಾಡಿಗೆ ನೆಲೆ ತಪ್ಪಿತು. ಭಜನೆಗೆ ಗುಡಿ ಇದೆ, ಕಣದ ಹಾಡಿಗೆ ಗುಡಿ ಇಲ್ಲ. ಅದಕ್ಕೆ ಉಳಿದಿರುವ ಜಾಗ ವೇದಿಕೆ. ವೇದಿಕೆಯ ಮೇಲೆ ಎರಡೂ ಪಾಲನ್ನು ಒಟ್ಟಿಗೆ ತರಬಲ್ಲವರು ಕೂಡಿ ಬಾಳಿದವರು.

ಇದು ಹೊಸ ಪದ್ಧತಿಯೂ ಅಲ್ಲ. ಬುಡ್ಗ ಜಂಗಮರ ಬುರ್ರಕಥೆಯಲ್ಲಿ ಕಥೆಗಾರ ತಂಬೂರಿ ಹೊತ್ತು ನಡುವೆ ನಿಂತರೆ ಮನೆಯ ಹೆಂಗಸರು ಡಿಮ್ಕಿ ಬಾರಿಸುತ್ತ ಪಲ್ಲವಿ ಎತ್ತುತ್ತಾರೆ. ತೊಗಲು ಗೊಂಬೆಯಾಟದ ಪರದೆಯ ಹಿಂದೆ ಗಂಡ ಗೊಂಬೆ ಕುಣಿಸಿದರೆ ಹೆಣ್ಣು ಪಾತ್ರದ ದನಿ ಹೆಂಡತಿಯದು. ಸೀತೆ ಅಳಬೇಕಾದಾಗ ಆಟ ಅವಳ ಕೈಯಲ್ಲಿರುತ್ತದೆ. ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ, 2025ರಲ್ಲಿ, ಪದ್ಮಶ್ರೀ ಬಂದಾಗ ಪರದೆಯ ಹಿಂದಿನ ಹೆಣ್ಣಿನ ದುಡಿಮೆ ದೇಶಕ್ಕೆ ಕಂಡಿತು.

ಒಂದು ಆಕ್ಷೇಪ ಗಟ್ಟಿಯಾಗಿದೆ: ಜೋಡಿ ಮೇಳದಲ್ಲಿ ಹೆಣ್ಣು ಗಂಡನ ಹಿಮ್ಮೇಳವಾಗಿ ಉಳಿಯುತ್ತಾಳೆ, ಹೆಸರು ಅವನದು, ಹಾಡು ಇಬ್ಬರದು. ಇದು ಸುಳ್ಳಲ್ಲ. ಬುರ್ರಕಥೆಯ ನಡುವಿನ ಜಾಗದಲ್ಲಿ ತಾನೇ ತಂಬೂರಿ ಹಿಡಿದು ನಿಂತ ದರೋಜಿ ಈರಮ್ಮ, ಪಾರಿಜಾತದಲ್ಲಿ ಹೆಸರು ಮಾಡಿದ ಕೌಜಲಗಿ ನಿಂಗಮ್ಮ ಗಂಡನ ನೆರಳಿಲ್ಲದೆಯೇ ಎತ್ತರಕ್ಕೇರಿದವರು. ಅವರನ್ನು ಮುಂದಿಟ್ಟು ಜೋಡಿ ಮೇಳವೇ ಬೇಡ ಎನ್ನಬಹುದು. ಆದರೆ ಹೆಣ್ಣು ರಂಗಕ್ಕೆ ಬಂದರೆ ಊರು ಬಾಯಿಗೆ ಬಂದಂತೆ ಆಡುತ್ತಿದ್ದ ಕಾಲದಲ್ಲಿ, ರಾತ್ರಿಯಿಡೀ ಆಟ ಆಡಿ ಪರ ಊರಿನಲ್ಲಿ ಉಳಿಯಬೇಕಾದ ಕಸುಬಿನಲ್ಲಿ, ಎಷ್ಟೋ ಹೆಣ್ಣುಮಕ್ಕಳಿಗೆ ದಾರಿ ಸಿಕ್ಕಿದ್ದು ಈ ಜೋಡಿಯಿಂದಲೇ. ಜೊತೆಗಿದ್ದೂ ಸ್ವಂತ ದನಿ ಉಳಿಸಿಕೊಳ್ಳಲು ಸಾಧ್ಯ ಎಂಬುದಕ್ಕೆ ರಾಯಚೂರು ಜಿಲ್ಲೆಯೇ ಸಾಕ್ಷಿ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರು ಎನ್ನಲಾಗುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಇಬ್ಬರೂ ವಚನಕಾರರು. ಅಂಕಿತದಲ್ಲಿ ಗಂಡನ ಹೆಸರಿಟ್ಟುಕೊಂಡ ಲಕ್ಕಮ್ಮ, ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಅದೇ ಗಂಡನನ್ನು ತಿದ್ದಿ ವಾಪಸು ಕಳಿಸಿದವಳು. ತಪ್ಪಿರುವುದು ಕೂಡಿ ಹಾಡುವುದರಲ್ಲಲ್ಲ, ಕೂಡಿ ಹಾಡಿದ್ದನ್ನು ಒಬ್ಬರ ಲೆಕ್ಕಕ್ಕೆ ಬರೆಯುವುದರಲ್ಲಿ.

ಶಾಲೆ, ವಿಶ್ವವಿದ್ಯಾಲಯಗಳು ಈ ಕಲಿಕೆಯನ್ನು ವಹಿಸಿಕೊಳ್ಳಲಿ ಎಂಬ ಮಾತೂ ಇದೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಈರಮ್ಮನವರ ಕಾವ್ಯಗಳನ್ನು ದಾಖಲಿಸಿದ್ದು ದೊಡ್ಡ ಕೆಲಸ. ಅದಿಲ್ಲದಿದ್ದರೆ 2014ರಲ್ಲಿ ಅವರು ತೀರಿಕೊಂಡಾಗ ಅವರೊಂದಿಗೇ ಎಷ್ಟೋ ಹೋಗಿಬಿಡುತ್ತಿತ್ತು. ಆದರೆ ಬರೆದಿಟ್ಟ ಪದದಲ್ಲಿ ಸಾಲು ಉಳಿಯುತ್ತದೆ, ಯಾರು ಎಲ್ಲಿ ಎತ್ತಿಕೊಂಡರು, ಎಲ್ಲಿ ಬಿಟ್ಟುಕೊಟ್ಟರು ಎಂಬುದು ಉಳಿಯುವುದಿಲ್ಲ. ಪಾರಿಜಾತದ ಸತ್ಯಭಾಮೆಯ ಮುನಿಸನ್ನೇ ತೆಗೆದುಕೊಳ್ಳಿ: ಕೃಷ್ಣ ಕೇಳುತ್ತಾನೆ, ಅವಳು ತಡೆದು ಉತ್ತರಿಸುತ್ತಾಳೆ, ಆ ತಡೆಯಲ್ಲೇ ರಸವಿದೆ. ಗೂಗಲ್, ದೇವದುರ್ಗದ ಕಡೆ ಹಿರಿಯ ಹಾಡುಗಾರರ ಪದ ದಾಖಲಿಸಲು ಹೋಗುವವರು ಗಂಡನನ್ನು ಕಟ್ಟೆಯ ಮೇಲೆ, ಹೆಂಡತಿಯನ್ನು ಅಡುಗೆಮನೆಯಲ್ಲಿ ಬಿಟ್ಟು ಧ್ವನಿಮುದ್ರಿಸಬಾರದು. ಇಬ್ಬರನ್ನೂ ಎದುರುಬದುರು ಕೂರಿಸಲಿ. ಒಬ್ಬರು ಮರೆತ ನುಡಿಯನ್ನು ಇನ್ನೊಬ್ಬರು ಎತ್ತಿಕೊಡುತ್ತಾರೆ. ಹಾಡಿನ ಕೆಳಗೆ ಎರಡೂ ಹೆಸರು ಬರೆಯಲಿ, ಗೌರವಧನದ ಚೀಟಿಯಲ್ಲೂ ಅಷ್ಟೇ.