ಕೊಬ್ಬರಿ ಅಟ್ಟದ ಲೆಕ್ಕ ಮಕ್ಕಳಿಗೂ ಗೊತ್ತಿರಲಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯ ತೋಟದ ಮನೆಗಳಲ್ಲಿ ಎರಡು ಮಾತು ದಿನವೂ ಕಿವಿಗೆ ಬೀಳುತ್ತವೆ. ‘ಓದಿ ಬೆಂಗಳೂರು ಸೇರ್ಕೊ, ಈ ತೋಟ ನಂಬ್ಕೊಂಡು ಕೂತ್ರೆ ಆಗಲ್ಲ’ ಎಂಬುದು ಮಕ್ಕಳಿಗೆ ಹೇಳುವ ಬುದ್ಧಿಮಾತು. ‘ಈ ವಾರ ಕೊಬ್ಬರಿ ಟೆಂಡರ್ ಎಷ್ಟಕ್ಕೆ ನಿಂತಿತಂತೆ?’ ಎಂಬುದು ದೊಡ್ಡವರು ತಮ್ಮತಮ್ಮಲ್ಲೇ ಆಡಿಕೊಳ್ಳುವುದು. ಮುಂದೆ ಮಕ್ಕಳು ಸ್ವಂತ ಉದ್ಯೋಗಕ್ಕೆ ಕೈಹಾಕುತ್ತಾರೋ ಇಲ್ಲವೋ ಎಂಬುದರಲ್ಲಿ ಬುದ್ಧಿಮಾತಿಗಿಂತ ಈ ಎರಡನೆಯ ಮಾತಿನ ಪಾಲೇ ಹೆಚ್ಚಿರಬಹುದು.

ಹೀಗೆನ್ನಲು ಆಧಾರ ಸಿಗುವುದು ದೂರದ ಸ್ವೀಡನ್ನಿನಲ್ಲಿ. ಲಿಂಡ್‌ಕ್ವಿಸ್ಟ್, ಸೋಲ್ ಮತ್ತು ವಾನ್ ಪ್ರಾಗ್ ಎಂಬ ಮೂವರು ಅರ್ಥಶಾಸ್ತ್ರಜ್ಞರು ಅಲ್ಲಿನ ದತ್ತು ಮಕ್ಕಳ ದಾಖಲೆಗಳನ್ನು ಪರಿಶೀಲಿಸಿ 2015ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ತಂದೆ ತಾಯಿ ಸ್ವಂತ ಉದ್ಯಮ ನಡೆಸುತ್ತಿದ್ದರೆ ಮಕ್ಕಳೂ ಅದೇ ಹಾದಿ ಹಿಡಿಯುವ ಸಾಧ್ಯತೆ ಸುಮಾರು ಶೇ 60ರಷ್ಟು ಹೆಚ್ಚುತ್ತದೆ ಎಂದು ಅದರಿಂದ ಗೊತ್ತಾಯಿತು. ಇದು ರಕ್ತದ ಗುಣವೋ, ಬೆಳೆದ ಮನೆಯ ಗುಣವೋ? ಎರಡೂ ಹೌದು. ಆದರೆ ಹೆತ್ತವರಿಗಿಂತ ಸಾಕಿದವರ ಪ್ರಭಾವ ಸರಿಸುಮಾರು ಎರಡು ಪಟ್ಟು. ಆಸ್ತಿ ಕೈಗೆ ಬಂದದ್ದಕ್ಕಿಂತ, ಮನೆಯಲ್ಲಿ ಕಣ್ಣೆದುರೇ ನೋಡಿ ಕಲಿತದ್ದು ಇದಕ್ಕೆ ಮುಖ್ಯ ಕಾರಣ ಎಂಬುದು ಆ ಮೂವರ ತೀರ್ಮಾನ.

ಹಾಗೆ ನೋಡಿ ಕಲಿಯಲು ತಿಪಟೂರು ಸೀಮೆಯ ಮನೆಗಳಲ್ಲಿ ಏನು ಕಡಿಮೆ? ಇಲ್ಲಿನ ಹೆಸರಾದ ಸರಕು ಉಂಡೆ ಕೊಬ್ಬರಿ. ಬಲಿತ ಕಾಯಿ ಕೆಡವಿ, ಅಟ್ಟಕ್ಕೇರಿಸಿ, ಎಂಟು ಹತ್ತು ತಿಂಗಳು ಹಾಗೇ ಬಿಡುತ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ ಚಿಪ್ಪಿನಿಂದ ಬಿಡಿಸಿಕೊಳ್ಳುತ್ತದೆ. ಕಾಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದರೆ ಒಳಗೆ ಉಂಡೆ ಲೊಡಲೊಡ ಅನ್ನಬೇಕು. ಆಮೇಲೆ ಸಿಪ್ಪೆ ಸುಲಿದು, ಉಂಡೆ ಒಡೆಯದಂತೆ ಚಿಪ್ಪು ಬಿಡಿಸುವುದು ಪಳಗಿದ ಕೈಗಳ ಕೆಲಸ. ಒಡೆದರೆ ಬೆಲೆ ಇಳಿಯುತ್ತದೆ.

ಎಳನೀರಾಗಿದ್ದಾಗಲೇ ಕೊಡಬೇಕೋ, ಕಾಯಾಗಿ ಮಾರಬೇಕೋ, ಅಟ್ಟಕ್ಕೇರಿಸಿ ಕೊಬ್ಬರಿಗೆ ಕಾಯಬೇಕೋ? ಕಾದರೆ ಮನೆಯ ಖರ್ಚು, ಸೊಸೈಟಿ ಸಾಲದ ಕಂತು ಕಟ್ಟುವುದು ಹೇಗೆ? ಈ ಲೆಕ್ಕಾಚಾರ ಪ್ರತಿ ಮನೆಯಲ್ಲೂ ಇದ್ದದ್ದೇ. ಲೆಕ್ಕ ತಪ್ಪಿದರೆ ಏನಾಗುತ್ತದೆಂಬುದನ್ನು ಇತ್ತೀಚಿನ ವರ್ಷಗಳೇ ತೋರಿಸಿವೆ. 2023ರಲ್ಲಿ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದಾಗ ಮಾರುಕಟ್ಟೆ ದರ 9 ಸಾವಿರಕ್ಕಿಂತ ಕೆಳಗಿಳಿದು ರೈತರು ಬೀದಿಗಿಳಿಯಬೇಕಾಯಿತು. ಬೆಂಬಲ ಬೆಲೆ 12,100 ರೂಪಾಯಿ ಇದ್ದ 2025ರಲ್ಲಿ ಅದೇ ಕೊಬ್ಬರಿ 25 ಸಾವಿರ ದಾಟಿತು. ಕಾದವರು ಗೆದ್ದರು, ಅವಸರಕ್ಕೆ ಮಾರಿದವರು ಕೈಕೈ ಹಿಸುಕಿಕೊಂಡರು. ಬಂಡವಾಳ, ದಾಸ್ತಾನು, ನಷ್ಟದ ಭಯ, ಕಾಯುವ ತಾಳ್ಮೆ, ಒಂದು ವ್ಯಾಪಾರಕ್ಕೆ ಬೇಕಾದದ್ದೆಲ್ಲ ಈ ಅಟ್ಟದ ಕೆಳಗೇ ಇದೆ. ಮಕ್ಕಳನ್ನು ಮಾತ್ರ ‘ಹೋಗಿ ಓದ್ಕೊ’ ಎಂದು ಪಕ್ಕಕ್ಕೆ ಕಳಿಸಲಾಗುತ್ತದೆ.

ತಿಪಟೂರಿನ ನೆರೆಯ ಅರಸೀಕೆರೆ ತಾಲ್ಲೂಕಿನ ಜಾವಗಲ್ ಕಡೆ ನೋಡಿದರೆ ಬೇರೆ ಬಗೆಯ ಉದಾಹರಣೆಯೊಂದು ಸಿಗುತ್ತದೆ. ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ ಅವರ ತಂದೆ ಗೊರೂರಿನ ಮೇಷ್ಟ್ರು. ಶಾಲೆಯ ಕಟ್ಟುಪಾಡು ಅವರಿಗೆ ಒಗ್ಗದು, ಹಾಗಾಗಿ ಮಗನಿಗೆ ಮನೆಯಲ್ಲೇ ಪಾಠ. ಹುಡುಗ ಶಾಲೆಯ ಮೆಟ್ಟಿಲು ಹತ್ತಿದ್ದು ಐದನೇ ತರಗತಿಗೆ. ಸೈನ್ಯಕ್ಕೆ ಸೇರಿ, ಬಾಂಗ್ಲಾ ಯುದ್ಧ ಕಂಡು, ಇಪ್ಪತ್ತೆಂಟರ ವಯಸ್ಸಿಗೆ ಕೆಲಸ ಬಿಟ್ಟು ಊರಿಗೆ ಬಂದರು. ಹೇಮಾವತಿ ಅಣೆಕಟ್ಟಿನ ಹಿನ್ನೀರಿಗೆ ಜಮೀನು ಹೋಗಿತ್ತು. ಬದಲಿಗೆ ಸಿಕ್ಕಿದ್ದ ಜಾವಗಲ್ಲಿನ ಬರಡು ನೆಲದಲ್ಲೇ ಬೇಸಾಯ ಹೂಡಿದರು. ಪರಿಸರಸ್ನೇಹಿ ರೇಷ್ಮೆ ಕೃಷಿಗಾಗಿ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂತು. ಮರುವರ್ಷ ಹೆಲಿಕಾಪ್ಟರ್ ಸೇವೆ, 2003ರಲ್ಲಿ ಏರ್ ಡೆಕ್ಕನ್ ವಿಮಾನ ಕಂಪನಿ. ಮೇಷ್ಟ್ರು ಮಗನಿಗೆ ಕಂಪನಿ ಬಿಟ್ಟುಹೋಗಲಿಲ್ಲ. ಹತ್ತು ಜನ ಹಿಡಿದ ದಾರಿಯನ್ನೇ ಹಿಡಿಯಬೇಕಿಲ್ಲ ಎಂಬುದನ್ನು ತಾವೇ ನಡೆದು ತೋರಿಸಿದ್ದರು.

ತೋಟದ ಊರಿನಲ್ಲಿ ಇದ್ದುಕೊಂಡೇ ಉದ್ಯಮ ಕಟ್ಟಬಹುದು ಎನ್ನುವುದಕ್ಕೆ ತಿಪಟೂರೇ ಸಾಕ್ಷಿ. ಸಾಫ್ಟ್‌ವೇರ್ ಕೆಲಸ ಬಿಟ್ಟ ಶಶಿಕುಮಾರ್, ಪಶುವೈದ್ಯ ಡಾ. ಜಿ.ಎನ್.ಎಸ್. ರೆಡ್ಡಿ ಮೊದಲಾದವರು 2010ರಲ್ಲಿ ಇಲ್ಲಿ ಆರಂಭಿಸಿದ ಅಕ್ಷಯಕಲ್ಪದ ಸಾವಯವ ಹಾಲು ಈಗ ಮಹಾನಗರಗಳ ಮನೆ ಬಾಗಿಲಿಗೆ ಹೋಗುತ್ತಿದೆ. ತೆಂಗಿನಲ್ಲೂ ಕೊಬ್ಬರಿಯೊಂದೇ ಅಲ್ಲ. ಕಾಯಿಪುಡಿ, ನಾರು, ಚಿಪ್ಪಿನ ಇದ್ದಿಲು ಎಲ್ಲಕ್ಕೂ ಗಿರಾಕಿ ಉಂಟು.

ಹೆಣ್ಣುಮಕ್ಕಳ ಮಾತು ಬೇರೆಯಾಗಿಯೇ ಹೇಳಬೇಕು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಸಮಪಾಲು ಎಂದು ಕರ್ನಾಟಕ 1994ರಲ್ಲೇ ಕಾನೂನು ತಿದ್ದಿತು. ದೇಶದಾದ್ಯಂತ ಅದು ಬಂದದ್ದು 2005ರಲ್ಲಿ. ಕಾಗದದ ಮೇಲೆ ಪಾಲು ಬಂದರೂ ಟೆಂಡರ್ ಮಾತಿಗೆ ಮಗಳನ್ನು ಕರೆಯುವ ಮನೆಗಳು ವಿರಳ. ಸ್ವೀಡನ್ನಿನ ಅಧ್ಯಯನದಲ್ಲಿ ಹೆಣ್ಣುಮಕ್ಕಳ ಮೇಲೆ ತಾಯಿಯ ಪ್ರಭಾವವೇ ಹೆಚ್ಚು ಕಂಡಿದೆ. ಹಾಗಾದರೆ ಕೊಬ್ಬರಿ ದುಡ್ಡಿನ ಲೆಕ್ಕ ಅಮ್ಮನ ಕೈಯಲ್ಲೂ ಇರುವುದು ಮಗಳ ಭವಿಷ್ಯಕ್ಕೆ ಒಳ್ಳೆಯದು.

ಮಗ ಎಂಜಿನಿಯರ್ ಆಗಲಿ, ಮಗಳು ಡಾಕ್ಟರ್ ಆಗಲಿ, ಯಾರ ತಕರಾರೂ ಇಲ್ಲ. ಆದರೆ ಮುಂದಿನ ಸಲ ಚೀಲ ತುಂಬಿಸಿ ಎಪಿಎಂಸಿಗೆ ಹೊರಟಾಗ ಇಬ್ಬರನ್ನೂ ಜೊತೆಗೆ ಕರೆದೊಯ್ಯಿರಿ. ತೂಕದ ಚೀಟಿ ಓದಿಸಿ, ಹಮಾಲಿ, ಬಾಡಿಗೆ ಕಳೆದು ಮನೆಗೆ ಎಷ್ಟು ಉಳಿಯಿತೆಂದು ಅವರಿಂದಲೇ ಕೂಡಿಸಿ. ಈ ಸಲ ಮಾರೋಣವೋ, ಕಾಯೋಣವೋ ಎಂದೂ ಒಮ್ಮೆ ಕೇಳಿ ನೋಡಿ.