ಈಜುಕೊಳದ ನೀರಿನ ಹದ

ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಬೋರ್ಡೋ ದ್ರಾವಣ ಕಲೆಸಿದ ಮೇಲೆ ಹಳೆಯ ಬೆಳೆಗಾರರು ಉಜ್ಜಿ ಹೊಳಪು ಬರಿಸಿದ ಕತ್ತಿಯ ಅಲಗನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು, ದ್ರಾವಣದಲ್ಲಿ ಇನ್ನೂ ಆಮ್ಲವಿದೆ ಎಂದರ್ಥ. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಆಮ್ಲ, ಕ್ಷಾರಗಳ ಹದವನ್ನು ಇಷ್ಟು ಚೆನ್ನಾಗಿ ಬಲ್ಲ ಗೋಣಿಬೀಡು, ಮೂಡಿಗೆರೆ, ಕಳಸದ ಕಡೆಯ ತೋಟದ ಮನೆಗಳಲ್ಲಿ, ಹೋಂಸ್ಟೇಗಳಲ್ಲಿ ಈಗ ಈಜುಕೊಳಗಳು ಬಂದಿವೆ. ಅಲ್ಲೂ ನೋಡಬೇಕಾದ್ದು ಅದೇ ಹದ. ಬರೀ ಬ್ಲೀಚಿಂಗ್ ಪೌಡರ್ ಸುರಿದರೆ ಸಾಲದು.

ಕ್ಲೋರಿನ್ ನೀರಿಗೆ ಸೇರಿದೊಡನೆ ಎರಡು ರೂಪ ತಾಳುತ್ತದೆ. ಒಂದು ಹೈಪೋಕ್ಲೋರಸ್ ಆಮ್ಲ. ಇದಕ್ಕೆ ವಿದ್ಯುದಾವೇಶವಿಲ್ಲ, ಹಾಗಾಗಿ ಬ್ಯಾಕ್ಟೀರಿಯಾದ ಹೊರಪದರ ದಾಟಿ ಒಳಹೊಕ್ಕು ಅದನ್ನು ಬೇಗ ಕೊಲ್ಲುತ್ತದೆ. ಇನ್ನೊಂದು ಋಣಾವೇಶವಿರುವ ಹೈಪೋಕ್ಲೋರೈಟ್. ಇದರ ಕೈಲಿ ಆಗುವ ಕೆಲಸ ತೀರಾ ಕಡಿಮೆ. ಯಾವುದು ಎಷ್ಟಿರಬೇಕೆಂದು ತೀರ್ಮಾನಿಸುವುದು ಪಿಎಚ್, ಅಂದರೆ ಆಮ್ಲ, ಕ್ಷಾರಗಳ ಹದದ ಅಳತೆ. ಅದು 7.5ರ ಆಸುಪಾಸಿನಲ್ಲಿದ್ದರೆ ಎರಡೂ ಅರ್ಧರ್ಧ. 8ಕ್ಕೆ ಏರಿದರೆ ಕೆಲಸಕ್ಕೆ ಬರುವ ಕ್ಲೋರಿನ್ ಸುಮಾರು ಕಾಲು ಪಾಲು, 8.5ರಲ್ಲಿ ಹತ್ತರಲ್ಲೊಂದು ಪಾಲು. ಬ್ಲೀಚಿಂಗ್ ಪೌಡರ್ ತಾನೇ ಕ್ಷಾರ. ಹದ ನೋಡದೆ ಅದನ್ನೇ ಸುರಿಯುತ್ತಾ ಹೋದರೆ ಪಿಎಚ್ ಏರಿ, ಹಾಕಿದ ಕ್ಲೋರಿನ್ ಬಹುಪಾಲು ದಂಡವಾಗುತ್ತದೆ.

ಘಾಟು ವಾಸನೆ ಬಂದರೆ ಕ್ಲೋರಿನ್ ಹೆಚ್ಚಾಯಿತು ಎನ್ನುವುದೂ ತಪ್ಪು ಎಣಿಕೆ. ಬೆವರು, ಮೂತ್ರದ ಸಾರಜನಕದೊಡನೆ ಕ್ಲೋರಿನ್ ಸೇರಿ ಆಗುವ ಕ್ಲೋರಮೈನ್‌ಗಳೇ ಮೂಗಿಗೆ ಬಡಿಯುವುದು, ಕಣ್ಣು ಉರಿಸುವುದು. ಇಳಿಯುವ ಮುಂಚೆ ಪ್ರತಿಯೊಬ್ಬರೂ ಸೋಪು ಹಚ್ಚಿ ಸ್ನಾನ ಮಾಡಿದರೆ ಅರ್ಧ ತೊಂದರೆ ಅಲ್ಲೇ ತಪ್ಪುತ್ತದೆ.

ಇನ್ನು ನಮ್ಮ ಹಳ್ಳದ ನೀರು. ಗಟ್ಟಿ ಬಂಡೆಗಳ ಮೇಲೆ ಹರಿದು ಬರುವ ಈ ನೀರು ಕನ್ನಡಿಯ ಹಾಗೆ ತಿಳಿ, ಆದರೆ ಅದರಲ್ಲಿ ಸುಣ್ಣದಂಶವೂ ಕಮ್ಮಿ, ಪಿಎಚ್ ಅಲುಗದಂತೆ ಹಿಡಿದಿಡುವ ಬೈಕಾರ್ಬನೇಟೂ ಕಮ್ಮಿ. ಚೂರು ಆಮ್ಲ ಬಿದ್ದರೆ ಪಿಎಚ್ ದಡಕ್ಕನೆ ಇಳಿಯುತ್ತದೆ, ಚೂರು ಬ್ಲೀಚಿಂಗ್ ಬಿದ್ದರೆ ಏರುತ್ತದೆ. ಸಾಲದ್ದಕ್ಕೆ ಇಂಥ ನೀರು ತನಗೆ ಬೇಕಾದ ಸುಣ್ಣವನ್ನು ಟೈಲ್ಸ್ ಸಂದಿನ ಸಿಮೆಂಟಿನಿಂದಲೇ ಕರಗಿಸಿಕೊಳ್ಳುತ್ತದೆ. ಒಂದೆರಡು ವರ್ಷದಲ್ಲಿ ಸಂದಿ ಒರಟಾಗಿ ಪುಡಿ ಉದುರುವುದು ಇದರಿಂದಲೇ.

ಅದರ ಮೇಲೆ ಮಳೆ. 30 ಅಡಿ ಉದ್ದ, 15 ಅಡಿ ಅಗಲ, 4 ಅಡಿ ಆಳದ ಕೊಳ ಸುಮಾರು 51,000 ಲೀಟರ್ ಹಿಡಿಯುತ್ತದೆ. ಅದರ ಮೇಲೆ 80 ಇಂಚು ಮಳೆ ಬಿದ್ದರೆ, ಈ ಸೀಮೆಗೆ ಅದೇನೂ ಹೆಚ್ಚಲ್ಲ, ಸುಮಾರು 85,000 ಲೀಟರ್ ಬಿದ್ದಂತಾಯಿತು. ಕೊಳದಲ್ಲಿದ್ದದ್ದಕ್ಕಿಂತ ಹೆಚ್ಚು! ಶುದ್ಧ ಮಳೆನೀರಿನ ಪಿಎಚ್ಚೇ 5.6ರ ಹತ್ತಿರ. ಬೇಸಿಗೆಯಲ್ಲಿ ಕೂಡಿಸಿಟ್ಟ ಹದವೆಲ್ಲ ತುಂಬಿ ಹರಿದು ಹೋಗುತ್ತದೆ. ಮಳೆಗಾಲಕ್ಕೆ ಮುಚ್ಚಿಗೆ ಹೊದಿಸುವುದು ಖರ್ಚಲ್ಲ, ಉಳಿತಾಯ.

ಪರಿಹಾರ ಅಡುಗೆಮನೆಯಲ್ಲೇ ಇದೆ: ಅಡುಗೆ ಸೋಡಾ. ಕ್ಷಾರೀಯತೆ, ಅಂದರೆ ಪಿಎಚ್ ಅಲುಗದಂತೆ ಹಿಡಿದಿಡುವ ಶಕ್ತಿ, ಲೀಟರಿಗೆ 80ರಿಂದ 120 ಮಿಲಿಗ್ರಾಂ ಇದ್ದರೆ ಪಿಎಚ್ ಸುಮ್ಮನೆ ಕುಣಿಯುವುದಿಲ್ಲ. 30 ಇದ್ದದ್ದನ್ನು 80ಕ್ಕೆ ಏರಿಸಲು ಮೇಲೆ ಹೇಳಿದ ಕೊಳಕ್ಕೆ ನಾಲ್ಕೂಕಾಲು ಕಿಲೋ ಸೋಡಾ ಬೇಕು. ಇದು ಮೊದಲು, ಆಮೇಲೆ ಪಿಎಚ್ ಅನ್ನು 7.2ರಿಂದ 7.6ರೊಳಗೆ ನಿಲ್ಲಿಸುವುದು, ಕ್ಲೋರಿನ್ ಕೊನೆಗೆ. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಏರಿಸಲು ಹೊಸ ಬ್ಲೀಚಿಂಗ್ ಪೌಡರ್ ಸುಮಾರು ಮುನ್ನೂರೈವತ್ತು ಗ್ರಾಂ ಸಾಕು. ಪ್ಲಾಸ್ಟಿಕ್ ಬಕೆಟಿನ ನೀರಿಗೆ ಅದನ್ನು ಹಾಕಿ, ಕೋಲಿನಿಂದ ಕಲಕಿ, ಬಿಳಿ ಗಸಿ ತಳ ಸೇರಿದ ಮೇಲೆ ತಿಳಿಯನ್ನಷ್ಟೇ ಕೊಳಕ್ಕೆ ಸುರಿಯಬೇಕು. ಹೊತ್ತು ಮುಳುಗಿದ ಮೇಲೆ ಹಾಕಿದರೆ ಒಳ್ಳೆಯದು, ಬಿಸಿಲಿನ ನೇರಳಾತೀತ ಕಿರಣಗಳು ಕ್ಲೋರಿನ್ನನ್ನು ಬೇಗ ಒಡೆದುಬಿಡುತ್ತವೆ. ಬ್ಲೀಚಿಂಗ್ ಪೌಡರನ್ನು ಆಸಿಡ್ ಜೊತೆ ಯಾವತ್ತೂ ಬೆರೆಸಬೇಡಿ, ಏಳುವುದು ಉಸಿರು ಕಟ್ಟಿಸುವ ವಿಷಾನಿಲ. ಬೋರ್‌ವೆಲ್ ನೀರಿನಲ್ಲಿ ಕಬ್ಬಿಣವಿದ್ದರೆ ಕ್ಲೋರಿನ್ ಬಿದ್ದಾಗ ಕೊಳ ಕಂದಾಗುತ್ತದೆ. ಗಾಬರಿ ಬೇಡ, ಸ್ಯಾಂಡ್ ಫಿಲ್ಟರ್ ಬಿಡದೆ ಓಡಿಸಿದರೆ ಅದು ಹೋಗುತ್ತದೆ.

ಇಷ್ಟೆಲ್ಲ ಯಾಕೆ ಎನ್ನುವವರು ನೆರೆಯ ಕೇರಳದ ಕಡೆ ನೋಡಬೇಕು. 2024, 2025ರಲ್ಲಿ ಅಲ್ಲಿ ಮಕ್ಕಳೂ ಸೇರಿ ಹಲವರು ಅಮೀಬಾದಿಂದಾಗುವ ಮಿದುಳಿನ ಸೋಂಕಿಗೆ ತುತ್ತಾದರು. ಇಂಥ ಅಮೀಬಾಗಳಲ್ಲೊಂದಾದ ನೆಗ್ಲೇರಿಯಾ ಬೆಚ್ಚಗಿನ ಸಿಹಿನೀರಿನಲ್ಲಿ ಬದುಕುತ್ತದೆ, ಮೂಗಿನ ಮೂಲಕ ಒಳಸೇರುತ್ತದೆ. ಕ್ಲೋರಿನ್ ಸರಿಯಾಗಿರುವ ಕೊಳದಲ್ಲಿ ಅದು ಉಳಿಯದು. ಟೆಸ್ಟ್ ಕಿಟ್ಟಿನ ಪುಟ್ಟ ನಳಿಕೆಗೆ ನೀರು ತುಂಬಿ, ಕೆಲವು ಹನಿ ಬಿಟ್ಟು ಬಣ್ಣ ನೋಡಲು ಎರಡು ನಿಮಿಷ ಸಾಕು. ಜನ ಇಳಿಯುವ ಪ್ರತಿದಿನವೂ ನೋಡಲೇಬೇಕು.

ಪಾಚಿ ಹೋಗಲೆಂದು ತೋಟಕ್ಕೆ ತಂದ ಮೈಲುತುತ್ತವನ್ನು ಕೊಳಕ್ಕೂ ಹಾಕುವವರಿದ್ದಾರೆ. ಪಾಚಿ ಸಾಯುವುದು ನಿಜ. ಆದರೆ ಕೊಳ ಖಾಲಿ ಮಾಡುವಾಗ ಆ ನೀರು ಮೈಲುತುತ್ತದ ತಾಮ್ರದೊಡನೆ ಹಳ್ಳ ಸೇರಿ, ಅಲ್ಲಿಂದ ಹೊಳೆಗೆ ಹೋಗುತ್ತದೆ. ತಾಮ್ರವಷ್ಟೇ ಅಲ್ಲ, ಲೀಟರಿಗೆ ಒಂದು ಮಿಲಿಗ್ರಾಂನ ಹತ್ತನೇ ಒಂದು ಪಾಲು ಕ್ಲೋರಿನ್ ಕೂಡ ಮೀನಿನ ಕಿವಿರಿಗೆ ಅಪಾಯ. ಹಾಗಾಗಿ ಕೊಳ ಬರಿದು ಮಾಡುವ ಮುನ್ನ ಕೆಲವು ದಿನ ಕ್ಲೋರಿನ್ ನಿಲ್ಲಿಸಿ, ಬಿಸಿಲಿಗೆ ಬಿಟ್ಟು, ಕಿಟ್ಟಿನಲ್ಲಿ ಸೊನ್ನೆ ಬಂದ ಮೇಲೆ ಹಳ್ಳದಿಂದ ದೂರದ ನೆಲಕ್ಕೆ ಹಾಯಿಸಬೇಕು. ಕ್ಲೋರಿನ್ ಹೀಗೆ ಬಿಸಿಲಿಗೆ ಹೋದೀತು. ತಾಮ್ರ ಎಷ್ಟು ದಿನ ಬಿಟ್ಟರೂ ಹೋಗುವುದಿಲ್ಲ, ಆದ್ದರಿಂದ ಮೈಲುತುತ್ತ ಕೊಳಕ್ಕೆ ಬೇಡವೇ ಬೇಡ.