ಹರಕು ಅರಿವೆಯ ಕೌದಿ ಮತ್ತು ಬೆರಳಿನ ಬೆಲೆ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಲಿನ ಹಳ್ಳಿಗಳಲ್ಲಿ ಹಳೆಯ ಅರಿವೆಯನ್ನು ಯಾರೂ ಸುಮ್ಮನೆ ಬಿಸಾಡುತ್ತಿರಲಿಲ್ಲ. ಪತ್ತಲ ಹರಿದರೆ ಅದರ ಗಟ್ಟಿ ಭಾಗ ಕೂಸಿಗೆ ಹಾಸಲು, ಹೊದಿಸಲು ಬರುತ್ತಿತ್ತು. ಖಣದ ಕುಬಸ ಹಳತಾದರೆ ಅದರ ಅಂಚು ಮಗುವಿನ ಕುಂಚಿಗೆಗೋ ಎಲೆ ಅಡಿಕೆಯ ಸಂಚಿಗೋ ಏರುತ್ತಿತ್ತು. ಧೋತ್ರದ ಚೂರು ಕೊಡ ಹೊರುವ ಸಿಂಬಿಯಾಗುತ್ತಿತ್ತು. ಇಷ್ಟಾದ ಮೇಲೂ ಉಳಿದ ತುಂಡುಗಳೆಲ್ಲ ಗಂಟು ಕಟ್ಟಿಕೊಂಡು ಅಟ್ಟ ಸೇರುತ್ತಿದ್ದವು. ಆ ಗಂಟು ಬಿಚ್ಚಿದ ದಿನ ಮನೆಯಲ್ಲಿ ಕೌದಿಯ ಕೆಲಸ ಶುರುವಾಯಿತೆಂದೇ ಅರ್ಥ. ಇಂದಿಗೂ ಈ ಭಾಗದ ಅನೇಕ ಮನೆಗಳಲ್ಲಿ ಹಾಸಲು, ಹೊದೆಯಲು ಕೌದಿಯೇ ಬೇಕು.

ಕೌದಿ ಎಂದರೆ ಹಲವು ಪದರಗಳ ಹಳೆಯ ಅರಿವೆಯನ್ನು ಕೈಹೊಲಿಗೆಯಿಂದ ಒಂದಾಗಿಸಿದ ಹಾಸಿಗೆ. ತಳಕ್ಕೆ ಇಡಿಯಾದ ಒಂದು ಹಳೆಯ ಸೀರೆಯನ್ನೋ ಧೋತ್ರವನ್ನೋ ಹಾಸುತ್ತಾರೆ. ಅದರ ಮೇಲೆ ತೀರ ಹರಿದ ಅರಿವೆ ಹರಡುತ್ತಾರೆ. ಎಲ್ಲಕ್ಕಿಂತ ಮೇಲೆ ಬಣ್ಣದ ತುಂಡುಗಳನ್ನು ಚೌಕ, ಪಟ್ಟಿ, ಮುಮ್ಮೂಲೆಯಾಗಿ ಕತ್ತರಿಸಿ ಜೋಡಿಸುತ್ತಾರೆ. ಆಮೇಲೆ ದೊಡ್ಡ ಸೂಜಿ, ದಪ್ಪ ನೂಲು ಹಿಡಿದು ಅಂಚಿನಿಂದ ಸಾಲು ಸಾಲಾಗಿ ಹೊಲಿಯುತ್ತಾ ನಡುವಿಗೆ ಬರುತ್ತಾರೆ.

ಈ ಸಾಲುಗಳು ನೋಡಲು ಚೆಂದ. ಆದರೆ ಅವು ಬರೀ ಚೆಂದಕ್ಕಾಗಿ ಇರುವವಲ್ಲ. ಬೇರೆ ಬೇರೆ ವಯಸ್ಸಿನ, ಬೇರೆ ಬೇರೆ ದಪ್ಪದ ಅರಿವೆಗಳು ಒಂದರ ಮೇಲೊಂದು ಸರಿಯದಂತೆ ಹಿಡಿದಿಡುವುದು ಅವುಗಳ ಕೆಲಸ. ಒಂದು ಸಾಲಿನ ನೂಲು ಕಡಿದರೂ ಪಕ್ಕದ ಸಾಲು ತಡೆಯುತ್ತದೆ. ಸಾಲುಗಳ ನಡುವೆ ಸಿಕ್ಕಿಕೊಂಡ ಗಾಳಿಯೇ ಮಳೆಗಾಲ, ಚಳಿಗಾಲಗಳಲ್ಲಿ ಮೈಗೆ ಬೆಚ್ಚಗೆ. ಮೇಲಿನ ತುಂಡು ಸವೆದರೆ ಅದರ ಮೇಲೆಯೇ ಇನ್ನೊಂದು ತೇಪೆ. ಇಡೀ ಕೌದಿಯೇ ಸವೆದರೆ ಅದು ಹೊಸ ಕೌದಿಯ ಒಳಪದರ. ಹೀಗಾಗಿ ಒಂದು ಕೌದಿಯ ಹೊಟ್ಟೆಯೊಳಗೆ ಅದರ ಅಜ್ಜಿ ಕೌದಿ ಇರುವುದು ಅಪರೂಪವೇನಲ್ಲ.

ಹೊಟ್ಟೆ ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಸಾಲುಗಳು ಸುತ್ತಿ ಬಂದು ಕೊನೆಗೆ ನಡುವೆ ಅಂಗೈಯಷ್ಟು ಜಾಗ ಉಳಿದಾಗ ಅದನ್ನು ಕೌದಿಯ ಹೊಟ್ಟೆ ಎಂದು ಕರೆಯುವ, ಮುಚ್ಚುವ ಮುನ್ನ ರೊಟ್ಟಿಯದೋ ಹೋಳಿಗೆಯದೋ ಒಂದು ಚೂರನ್ನು ಒಳಗಿಡುವ ರೂಢಿ ಉತ್ತರ ಕರ್ನಾಟಕದ ಕೆಲವೆಡೆ ಇದೆ. ಕೌದಿ ಹಸಿದಿರಬಾರದು, ಹೊದ್ದವರೂ ಹಸಿಯಬಾರದು ಎಂಬುದು ನಂಬಿಕೆ. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟ ಮಗಳ ಜೊತೆ ತೊಟ್ಟಿಲು, ಕುಂಚಿಗೆಯೊಡನೆ ಸಣ್ಣದೊಂದು ಕೌದಿಯೂ ಹೋಗುತ್ತದೆ. ಅದರಲ್ಲಿ ಅಜ್ಜಿಯ ಪತ್ತಲದ ತುಂಡಿರುತ್ತದೆ. ಮೊಮ್ಮಗು ಅದರ ಮೇಲೆ ಮಲಗುತ್ತದೆ.

ಪಕ್ಕದ ಕಾಡಿನ ಕವಂದಿ

ಉಳಿದದ್ದನ್ನು ಜೋಡಿಸಿ ಹೊದೆಯುವ ಈ ವಿದ್ಯೆ ನಮ್ಮೊಬ್ಬರದೇ ಅಲ್ಲ. ಮರಾಠಿಯಲ್ಲಿ ಇದು ಗೋಧಡಿ, ಬಂಗಾಳದಲ್ಲಿ ಕಾಂಥಾ, ಬಿಹಾರದಲ್ಲಿ ಸುಜನಿ, ಸಿಂಧ್‌ನಲ್ಲಿ ರಲ್ಲಿ. ಬೌದ್ಧ ಭಿಕ್ಷುವಿನ ಚೀವರವೂ ತುಂಡುಗಳನ್ನು ಕೂಡಿಸಿ ಹೊಲಿದದ್ದೇ. ಮಗಧದ ಬದು ಕಟ್ಟಿದ ಗದ್ದೆಗಳ ಮಾದರಿಯಲ್ಲಿ ಅದನ್ನು ಹೊಲಿಯಲು ಬುದ್ಧ ಆನಂದನಿಗೆ ಹೇಳಿದನೆಂದು ವಿನಯಪಿಟಕ ತಿಳಿಸುತ್ತದೆ.

ಅಷ್ಟು ದೂರ ಹೋಗುವುದೂ ಬೇಡ. ಹಾನಗಲ್ಲ, ಶಿಗ್ಗಾವಿ ದಾಟಿ ಪಶ್ಚಿಮಕ್ಕೆ ಹೋದರೆ ಮುಂಡಗೋಡ, ಅದರಾಚೆ ಯಲ್ಲಾಪುರ, ಹಳಿಯಾಳ. ಅಲ್ಲಿನ ಸಿದ್ದಿ ಜನಾಂಗದ ಹೆಣ್ಣುಮಕ್ಕಳು ಹೊಲಿಯುವ ಕೌದಿಗೆ ಕವಂದಿ ಎಂದು ಹೆಸರು. ನಾಲ್ಕು ಮೂಲೆಗೂ ಮಡಿಚಿದ ಸಣ್ಣ ತುಂಡುಗಳ ಹೂ ಇಡದೆ ಅವರು ಕವಂದಿ ಮುಗಿಸುವುದಿಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳನ್ನು ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಷೋಂಬರ್ಗ್ ಕೇಂದ್ರದಲ್ಲಿ ಅವುಗಳ ಪ್ರದರ್ಶನವೂ ನಡೆಯಿತು. ನಮ್ಮ ಪಡಸಾಲೆಯ ಮೂಲೆಯಲ್ಲಿ ಮಡಿಚಿಟ್ಟ ವಸ್ತುವಿನ ಸೋದರಿಯೊಬ್ಬಳು ಅಲ್ಲಿ ಗೋಡೆಯ ಮೇಲೆ ತೂಗಿದಳು.

ಮೂರು ಊರು, ಬೆರಳಿನ ದುಡಿಮೆ

ಹಾಗಿದ್ದ ಮೇಲೆ ಇಲ್ಲಿ ಕೌದಿ ಹೊಲಿಯುವವರು ಕಡಿಮೆಯಾಗುತ್ತಿರುವುದೇಕೆ? ಸೋಮಾರಿತನ, ಟಿವಿ, ಹೊಸ ಕಾಲದ ಹುಡುಗಿಯರು ಎಂದೆಲ್ಲ ಹೇಳುವುದು ಸುಲಭ. ಒಂದು ಲೆಕ್ಕ ಹಾಕಿ ನೋಡೋಣ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿಯಲ್ಲಿ ಅರ್ಧ ಇಂಚಿಗೊಂದು ಸಾಲು ಎಂದುಕೊಂಡರೆ ಹೊಲಿಗೆಯ ಒಟ್ಟು ಉದ್ದ 576 ಅಡಿ. ಇಂಚಿಗೆ ನಾಲ್ಕು ಹೊಲಿಗೆಯಂತೆ 27 ಸಾವಿರಕ್ಕೂ ಹೆಚ್ಚು ಹೊಲಿಗೆ. ನಿಮಿಷಕ್ಕೆ ಹತ್ತು ಬಿದ್ದರೂ 46 ತಾಸು. ಮನೆಗೆಲಸ ಮುಗಿಸಿ ದಿನಕ್ಕೆ ಮೂರು ತಾಸು ಕುಳಿತರೆ ಹದಿನೈದು ದಿನ. ತುಂಡು ಕತ್ತರಿಸಿ ಜೋಡಿಸುವ ಹೊತ್ತು ಬೇರೆ.

ಈ 46 ತಾಸಿಗೆ ಬೆಲೆ ಎಷ್ಟು? ಮನೆಯೊಳಗೆ ಹೊಲಿದಾಗ ಏನೂ ಇಲ್ಲ. ಸುಗ್ಗಿ ಮುಗಿದು ಹೊಲದಲ್ಲಿ ಕೆಲಸವಿಲ್ಲದ ಬೇಸಿಗೆಯ ಮಧ್ಯಾಹ್ನಗಳಲ್ಲಿ ಕೌದಿ ಹೊಲಿಯುತ್ತಿದ್ದರು. ಬಿಡುವಿಗೆ ಕೂಲಿ ಕೇಳುವವರಾರು? ಗೊಂದಲಿಗ ಸಮುದಾಯದ ಹೆಣ್ಣುಮಕ್ಕಳು ಊರೂರು ತಿರುಗಿ, ಮನೆಯವರು ಕೊಟ್ಟ ಅರಿವೆಯಿಂದಲೇ ಕೌದಿ ಹೊಲಿದುಕೊಡುವುದನ್ನು ಕಸುಬು ಮಾಡಿಕೊಂಡಿದ್ದಾರೆ. ಅವರೊಡನೆಯೂ ಚೌಕಾಸಿ ನಡೆಯುವುದು 'ಅರಿವೆ ನಮ್ಮದೇ ಅಲ್ಲವೇ' ಎಂಬ ಮಾತಿನಿಂದ. ಬಟ್ಟೆ ಪುಕ್ಕಟೆ ಸಿಕ್ಕಿದ್ದರಿಂದ ದುಡಿಮೆಯೂ ಪುಕ್ಕಟೆ ಎಂಬಂತೆ ಆಗಿಬಿಟ್ಟಿದೆ.

ಆದರೆ ಇದೇ ಸೀಮೆಯಲ್ಲಿ ಬೆರಳಿನ ಸೂಕ್ಷ್ಮ ಕೆಲಸಕ್ಕೆ ಬೇರೆ ಕಡೆ ಬೆಲೆ ಇದೆ. ಹಾವೇರಿಯ ಏಲಕ್ಕಿ ಹಾರವನ್ನೇ ನೋಡಿ. ಏಲಕ್ಕಿ ಅಲ್ಲಿ ಬೆಳೆಯುವುದಿಲ್ಲ, ಹೊರಗಿನಿಂದ ಬರುತ್ತದೆ. ಕಾಯಿಗಳನ್ನು ಆರಿಸಿ, ಪೋಣಿಸಿ, ಮಣಿ ಜರಿ ಸೇರಿಸಿ ಹಾರ ಮಾಡುವ ಕೈಗಳಿಂದಲೇ ಊರಿಗೆ ಹೆಸರು ಬಂದಿತು. ಎಷ್ಟು ಎಳೆ ಎಂಬುದರ ಮೇಲೆ ಹಾರದ ದರ. 2023ರ ಜನವರಿಯಲ್ಲಿ ಅಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಊರನ್ನು ನಾಡಿಗೆ ಪರಿಚಯಿಸಿದ್ದೂ ಏಲಕ್ಕಿಯ ಕಂಪಿನ ಹೆಸರಿನಲ್ಲಿಯೇ.

ರಾಣೆಬೆನ್ನೂರು ಬೀಜೋತ್ಪಾದನೆಗೆ ಹೆಸರಾದ ಊರು. ಹೈಬ್ರಿಡ್ ಹತ್ತಿ, ತರಕಾರಿ ಬೀಜದ ಹೊಲಗಳಲ್ಲಿ ಹೆಣ್ಣುಮಕ್ಕಳು ಒಂದೊಂದೇ ಮೊಗ್ಗು ಬಿಡಿಸಿ, ಗಂಡು ಭಾಗ ಕಿತ್ತು, ಬೇರೆ ಗಿಡದ ಪರಾಗ ಸವರುತ್ತಾರೆ. ಊರ ಭಾಷೆಯಲ್ಲಿ ಅದು 'ಕ್ರಾಸಿಂಗ್'. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ತೊಟ್ಟು ಬಿಡಿಸುವ ಕೈಗಳೂ ಅವರವೇ. ಮೆಣಸಿನಕಾಯಿ ಹೆಚ್ಚಾಗಿ ಪೇಟೆಗೆ ಬರುವುದು ಜನವರಿಯಿಂದ ಬೇಸಿಗೆಯವರೆಗೆ, ಅಂದರೆ ಹಿಂದೆ ಕೌದಿಯ ಗಂಟು ಬಿಚ್ಚುತ್ತಿದ್ದ ದಿನಗಳಲ್ಲಿ. ಘಾಟಿನಲ್ಲಿ ಕೂತು ಮಾಡುವ ಆ ಕೆಲಸ ಸುಖದ್ದಲ್ಲ, ಕೂಲಿಯೂ ದೊಡ್ಡದಲ್ಲ. ಆದರೂ ಸಂಜೆ ಕೈಗೆ ದುಡ್ಡು ಬರುತ್ತದೆ. ಸೂಜಿ ಬಿಟ್ಟು ತೊಟ್ಟು ಬಿಡಿಸಲು ಹೋದ ಹೆಣ್ಣುಮಗಳು ಪರಂಪರೆ ಮರೆತಳೆಂದು ದೂರುವುದು ನ್ಯಾಯವಲ್ಲ. ಲೆಕ್ಕ ಅವಳಿಗೂ ಗೊತ್ತು.

ಅರಿವೆಯೂ ಬದಲಾಗಿದೆ. 1985ರ ಜವಳಿ ನೀತಿಯ ನಂತರ ಪಾಲಿಯೆಸ್ಟರ್ ಸೀರೆ ಹಳ್ಳಿ ಹಳ್ಳಿಗೂ ಬಂದಿತು. ಹತ್ತಿ ಒಗೆದಷ್ಟೂ ಮೆತ್ತಗಾಗುತ್ತದೆ, ಬೆವರು ಹೀರುತ್ತದೆ. ಪಾಲಿಯೆಸ್ಟರ್ ಬೇಗ ಹರಿಯುವುದಿಲ್ಲ, ಬೆವರು ಹೀರುವುದಿಲ್ಲ, ಸೂಜಿಯ ಕೆಳಗೆ ಜಾರುತ್ತದೆ. ಈಗಿನ ಗಂಟಿನಲ್ಲಿ ಇರುವುದು ಹೆಚ್ಚಾಗಿ ಅದೇ. ಕೌದಿ ಹಗುರಾಗಿದೆ, ಬೇಗ ಒಣಗುತ್ತದೆ. ಹಳೆಯ ಹಿತ ಮಾತ್ರ ಅದಕ್ಕಿಲ್ಲ.

ಇತ್ತ ದೊಡ್ಡ ಊರುಗಳ ಅಂಗಡಿಗಳಲ್ಲಿ ಕೈಹೊಲಿಗೆಯ ಕೌದಿಗೆ ಬೇಡಿಕೆ ಹುಟ್ಟಿದೆ. ಅಲ್ಲಿ ಅದು ಹಾಸಿಗೆಯಲ್ಲ, ಅಲಂಕಾರ. ದಿಂಬಿನ ಚೀಲ, ಗೋಡೆಯ ಪರದೆ, ಹೆಗಲ ಚೀಲವಾಗಿಯೂ ಅದು ರೂಪ ಬದಲಿಸಿದೆ. ಇದರಲ್ಲಿ ಕೆಡುಕೇನಿಲ್ಲ. ಕುಂಚಿಗೆ, ಸಂಚಿಗಳೂ ಅಲಂಕಾರವೇ ಆಗಿದ್ದವಲ್ಲ! ಆದರೆ ಅಂಗಡಿಯಲ್ಲಿ ಹೇಳುವ ಬೆಲೆಯಲ್ಲಿ ಆ 46 ತಾಸಿನ ಪಾಲು ಎಷ್ಟೆಂದು ಕೊಳ್ಳುವವರು ಒಮ್ಮೆ ಕೇಳಬೇಕು. ಹಾವೇರಿಯ ಹಾರಕ್ಕೆ ಎಳೆಯ ಲೆಕ್ಕದಲ್ಲಿ ದರ ಕಟ್ಟುವುದು ನಮಗೆ ಗೊತ್ತು. ಕೌದಿಗೂ ಸಾಲಿನ ಲೆಕ್ಕದಲ್ಲಿ ದರ ಕಟ್ಟಿದರೆ, ಮೆಣಸಿನ ಘಾಟಿನಿಂದ ಮನೆಗೆ ಬಂದ ಕೈಗಳು ಮತ್ತೆ ಸೂಜಿ ಹಿಡಿದಾವು. ಅಟ್ಟದ ಮೇಲಿನ ಗಂಟಂತೂ ಎಲ್ಲಿಗೂ ಹೋಗಿಲ್ಲ.